ಎಲ್ಲರ ಎದೆಗೂ ಒಂದೇ ಕೀಲಿ

ಹೃದಯಕ್ಕೆ ಕನ್ನ ಹಾಕುವ ಕಳ್ಳರ ಬಗ್ಗೆ ನನಗೆ ವರ್ಷಗಟ್ಟಲೆ ಪಾಠ ಹೇಳಿದರು. ಹೃದಯದ ಮಾಲೀಕರನ್ನು ಪ್ರೀತಿಸುವ ನೆಂಟರ ಬಗ್ಗೆ ಒಬ್ಬ ಪುಣ್ಯಾತ್ಮನೂ ಒಂದು ಮಾತು ಹೇಳಲಿಲ್ಲ.

ನನ್ನ ಹೆಸರು ದಾನೇಶ್ವರಿ. ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ ಕೂತು ಜನರ ಎದೆಯೊಳಗಿನ ಯಂತ್ರಗಳನ್ನು ಕಾಯುವುದು ನನ್ನ ಕೆಲಸ. ಗೋಡೆಯ ತುಂಬ ಪರದೆಗಳು, ಪರದೆಯ ತುಂಬ ಗೆರೆಗಳು. ಒಂದೊಂದು ಗೆರೆ ಒಬ್ಬೊಬ್ಬರ ಹೃದಯ. ಧಾರವಾಡ, ಗದಗ, ಹಾವೇರಿ ಕಡೆ ಅವರು ಉಣ್ಣುತ್ತಾರೆ, ಮಲಗುತ್ತಾರೆ, ಭಾವಮೈದುನನ ಜೊತೆ ಜಗಳ ತೆಗೆಯುತ್ತಾರೆ; ಗೆರೆ ಇಲ್ಲಿ ಓಡುತ್ತದೆ. ಆ ಗೆರೆಗಳ ದಾರಿಯಲ್ಲಿ ಹೊರಗಿನವರು ನುಸುಳಬಾರದು. ಅದಕ್ಕೆಂದೇ ತಿಂಗಳಿಗೊಮ್ಮೆ ಅಣಕು ದಾಳಿ ನಡೆಯುತ್ತದೆ. ಬೆಂಗಳೂರಿನಿಂದ ತಜ್ಞರು ಬಂದು ನಮ್ಮ ಕೋಟೆ ಒಡೆಯಲು ನೋಡುತ್ತಾರೆ, ಒಡೆಯಲಾಗದೆ ಗಿರ್ಮಿಟ್ ತಿಂದು, ಪ್ರಮಾಣಪತ್ರ ಕೊಟ್ಟು ಹೋಗುತ್ತಾರೆ. ಆ ಪ್ರಮಾಣಪತ್ರಗಳನ್ನು ಚೌಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದೇವೆ.

ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಕಂಪನಿಯವರು ಅದಕ್ಕೆ ಬಾಯಿ ತಿರುಗದ ಹೆಸರಿಟ್ಟಿದ್ದಾರೆ. ಗಾತ್ರದಲ್ಲಿ ಶೇಂಗಾ ಬೀಜದಷ್ಟು ಇರುವುದರಿಂದ ನಮ್ಮ ಜನ ಅದನ್ನು ಶೇಂಗಾ ಎಂದೇ ಕರೆಯುತ್ತಾರೆ. ತೊಡೆಯ ರಕ್ತನಾಳದ ದಾರಿಯಿಂದ ಒಳಗೆ ಕಳಿಸಿ ಹೃದಯದ ಒಳಗೋಡೆಗೆ ಕೂರಿಸುತ್ತಾರೆ. ಹೃದಯದ ಸ್ವಂತ ತಂತಿ ಕೆಟ್ಟುಹೋದವರಿಗೆ ಪ್ರತಿ ಬಡಿತವನ್ನೂ ಇದೇ ಕೊಡಬೇಕು. ಕೂತಾಗ ಕಡಿಮೆ ಕೊಡುತ್ತದೆ, ನಡೆದಾಗ ಹೆಚ್ಚು, ಮೆಟ್ಟಿಲು ಹತ್ತಿದಾಗ ಇನ್ನೂ ಹೆಚ್ಚು. ಮೈಯ ಅಲುಗಾಟ, ಉಸಿರಿನ ಆಳ ಎರಡನ್ನೂ ನೋಡಿ ತಾನೇ ಲೆಕ್ಕ ಹಾಕುತ್ತದೆ. ಇಷ್ಟಕ್ಕಿಂತ ಮೇಲೆ ಹೋಗಬೇಡ ಎಂದು ಡಾಕ್ಟರು ಒಂದು ಮಿತಿ ಹಾಕಿರುತ್ತಾರೆ, ಅಷ್ಟೆ. ಕೊರಳಲ್ಲಿ ಒಂದು ಸಣ್ಣ ಬಿಲ್ಲೆ ಇರುತ್ತದೆ. ಜನರ ಬಾಯಲ್ಲಿ ಅದು ತಾಯತ. ಶೇಂಗಾದ ಮಾತನ್ನು ಫೋನಿಗೂ ನಮಗೂ ಮುಟ್ಟಿಸುವುದು ಅದರ ಕೆಲಸ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಕಂಪನಿಯವರು ಒಂದು ಉಪಕಾರ ಮಾಡಲು ಹೋದರು. ಶಿರಹಟ್ಟಿ, ಮುಂಡರಗಿ ಕಡೆಯವರು ಸಣ್ಣಪುಟ್ಟದಕ್ಕೆಲ್ಲ ಬಸ್ಸು ಹತ್ತಿ ಬರುವುದು ಬೇಡವೆಂದು, ಆ ಮೇಲಿನ ಮಿತಿಯನ್ನು ಫೋನಿನಲ್ಲೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅವಕಾಶ ಕೊಟ್ಟರು. ಆರು ಅಂಕಿಯ ಗುಟ್ಟಿನ ನಂಬರು ಹಾಕಿದರೆ ಪರದೆಯ ಮೇಲೆ ಒಂದು ಗುಂಡಿ ಬರುತ್ತದೆ. ಬಲಕ್ಕೆ ಎಳೆದರೆ ಮಿತಿ ಏರುತ್ತದೆ, ಎಡಕ್ಕೆ ಎಳೆದರೆ ಇಳಿಯುತ್ತದೆ. ನಂಬರು ಗೊತ್ತಿದ್ದವರೇ ಹೃದಯದ ಮಾಲೀಕರು ಎಂಬುದು ಯಂತ್ರದ ತಿಳುವಳಿಕೆ. ಆ ಯಂತ್ರ ಮಾಡಿದವರು ನಮ್ಮ ಕಡೆಯ ಮನೆಗಳಲ್ಲಿ ಒಂದು ದಿನವೂ ಇದ್ದು ನೋಡಿರಲಿಲ್ಲ.

ಮಧ್ಯಾಹ್ನ ನಾನು ಉಣ್ಣುವುದು ಹಳೇ ಹುಬ್ಬಳ್ಳಿಯ ಬಸಲಿಂಗವ್ವನ ಖಾನಾವಳಿಯಲ್ಲಿ. ಊರಿನ ಉಳಿದ ಖಾನಾವಳಿಗಳಿಗೆಲ್ಲ ರೊಟ್ಟಿ ಯಂತ್ರ ಬಂದು ಎಷ್ಟೋ ಕಾಲವಾಯಿತು. ಬಸಲಿಂಗವ್ವ ಮಾತ್ರ ಎರಡೂ ಕೈಯಲ್ಲಿ ಬಡಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಖಾನಾವಳಿಯನ್ನು ಎತ್ತಿ ನಿಲ್ಲಿಸಿದ್ದೇ ಆ ಕೈಗಳು. ಒಮ್ಮೆ ಒಲೆಯ ಮುಂದೆ ಎಚ್ಚರ ತಪ್ಪಿ ಬಿದ್ದಳು, ನಮ್ಮಲ್ಲೇ ಶೇಂಗಾ ಹಾಕಿದರು, ಹದಿನೈದು ದಿನ ಕಳೆಯುವುದರೊಳಗೆ ಮತ್ತೆ ಹಂಚಿನ ಮುಂದೆ ಕೂತಿದ್ದಳು. ಎಣ್ಣೆಗಾಯಿ ಬಡಿಸುತ್ತ, "ನಿಮ್ಮ ಶೇಂಗಾ ಭಾಳ ಚಲೋ ಐತಿ ತಂಗಿ, ಚಟ್ನಿಗೆ ಹಾಕಬ್ಯಾಡ್ರಿ ಅಂತ ಹೇಳೇನಿ ಮನ್ಯಾಗಿನವರಿಗೆ" ಎಂದು ನಕ್ಕಿದ್ದಳು.

ಉಗಾದಿಯ ನಂತರ ಆ ನಗು ಕಡಿಮೆಯಾಗುತ್ತ ಬಂತು. ಒಂದು ದಿನ ನನ್ನ ತಾಟಿನಲ್ಲಿ ಯಂತ್ರದ ರೊಟ್ಟಿ ಬಂದು ಬಿತ್ತು. ಡಬ್ಬಿಯ ಮುಚ್ಚಳ ಒತ್ತಿ ಕತ್ತರಿಸಿದ ಹಾಗೆ ಗುಂಡಗೆ ಇತ್ತು, ರಟ್ಟಿನ ಹಾಗೆ ತಣ್ಣಗಿತ್ತು.

"ಅವ್ವಾ, ಇದೇನ್ರಿ?" ಎಂದೆ.

"ಕೈಲಾಗವಲ್ದು ತಂಗಿ." ಆಕೆ ಕಂಬಕ್ಕೆ ಒರಗಿ ಕೂತಿದ್ದಳು. "ಮೂರು ರೊಟ್ಟಿ ಬಡಿಯೂದ್ರಾಗ ಉಸರ ಹತ್ತತೈತಿ. ಕಣ್ಣಿಗೆ ಕತ್ತಲಿ ಬರತೈತಿ. ಎದಿ ಮುಗದಂಗ ಕಾಣತೈತಿ ನಂದು. ದೀಪಾವಳಿ ಪಾಡ್ಯಕ್ಕ ಖಾನಾವಳಿ ಬಾಗಲಾ ಹಾಕೂದಂತ ಎಲ್ಲಾರೂ ಕೂಡಿ ಮಾತಾಡ್ಯಾರ. ನಾನೂ ಹೂಂ ಅಂದೀನಿ."

ಹೂಂ ಅಂದೀನಿ ಎನ್ನುವಾಗ ಆಕೆ ಹಂಚಿನ ಕಡೆ ನೋಡಲಿಲ್ಲ. ಆ ಹೆಂಗಸಿಗೆ ಖಾನಾವಳಿ ಬಿಟ್ಟರೆ ಬೇರೆ ಬದುಕು ಗೊತ್ತಿಲ್ಲ. ದೀಪಾವಳಿಗೆ ಬಾಗಿಲು ಹಾಕಿದರೆ ಬರುವ ಉಗಾದಿಗೆ ಈಕೆ ಮೂಲೆಯಲ್ಲಿ ಕೂತು ಕರಗಿ ಹೋಗುತ್ತಾಳೆ ಎಂದು ನನಗೆ ಅನ್ನಿಸಿತು.

ಆಸ್ಪತ್ರೆಗೆ ಮರಳಿದವಳೇ ಆಕೆಯ ಗೆರೆ ತೆಗೆದು ನೋಡಿದೆ. ಶೇಂಗಾ ಹೊಸದರ ಹಾಗೆಯೇ ಇತ್ತು. ಬ್ಯಾಟರಿ ಇನ್ನೂ ಎಷ್ಟೋ ವರ್ಷ ಬಾಳುವಂತಿತ್ತು. ಆದರೆ ಗೆರೆ ಮಾತ್ರ ಸಾರಿಸಿದ ನೆಲದ ಹಾಗೆ ಸಪಾಟಾಗಿತ್ತು. ಊಟದ ಹೊತ್ತಿನಲ್ಲಿ, ನೂರು ಮಂದಿ ಉಣ್ಣುವ ಗದ್ದಲದಲ್ಲಿ ಏರಬೇಕಾದ ಬಡಿತ ಎಪ್ಪತ್ತೈದಕ್ಕೆ ಹೋಗಿ ಅಲ್ಲೇ ತಲೆ ಬಡಿದುಕೊಂಡು ನಿಂತಿತ್ತು. ಡಾಕ್ಟರು ಹಾಕಿದ್ದ ಮೇಲಿನ ಮಿತಿ ನೂರಾ ಮೂವತ್ತು. ಈಗ ಇದ್ದದ್ದು ಎಪ್ಪತ್ತೈದು. ಯಾರು ಇಳಿಸಿದರು ಎಂದು ಯಂತ್ರವನ್ನು ಕೇಳಿದರೆ ಒಂದೇ ಉತ್ತರ: ಮಾಲೀಕರು.

ನಮ್ಮ ಹೃದಯ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಹಂಚಿನಮನಿಯವರ ಕೋಣೆಗೆ ಹೋದೆ.

"ಕಳ್ಳರೇನು?" ಎಂದರು, ಕನ್ನಡಕ ಹಣೆಗೇರಿಸಿ.

"ಅಲ್ಲ ಮೇಡಂ. ನಂಬರ್ ಸರಿಯಾಗೇ ಹಾಕ್ಯಾರ."

"ಹಂಗಾರ ಅದು ಪೇಶಂಟ್ ಇಚ್ಛಾ. ಖಾಸಗಿತನದ ಕಾನೂನು ಐತಿ ದಾನೇಶ್ವರಿ. ಅವರ ಮಿತಿ ಅವರು ಯಾಕ ಇಳಿಸಿದ್ರು ಅಂತ ನಾವು ಆಸ್ಪತ್ರಿಂದ ಕೇಳಾಕ ಬರೂದಿಲ್ಲ."

"ಮೇಡಂ, ಆಕಿಗೆ ಫೋನ್ ಬಂದ್ರ ಎತ್ತಾಕ ಬಿಟ್ರ ಬ್ಯಾರೆ ಏನೂ ಬರೂದಿಲ್ಲ. ಆ ಗುಂಡಿ ಎಲ್ಲೈತಿ ಅಂತ ಸೈತ ಗೊತ್ತಿಲ್ಲ ಆಕಿಗೆ!"

ಅವರು ಗೆರೆ ನೋಡಿದರು, ಮತ್ತೊಮ್ಮೆ ನೋಡಿದರು. ಡಾಕ್ಟರ್‌ಗೆ ಕಾನೂನು ಮರೆತುಹೋಗಿ ಪೇಶಂಟ್ ಕಾಣಿಸಿದ್ದು ಅವರ ಮುಖದಲ್ಲೇ ಗೊತ್ತಾಯಿತು. "ಎಪ್ಪತ್ತೈದಕ್ಕ ಕಟ್ಟಿ ಹಾಕಿದ್ರ ಇವರು ಮೆಟ್ಟಲಾ ಸೈತ ಹತ್ತೂದಿಲ್ಲ. ಇನ್ನೂ ಇಳಿಸಿದ್ರ ಎಲ್ಲೆರ ಬಿದ್ದು ತಲಿ ಒಡಕೋತಾರ. ಹೋಗಿ ಕೇಳು. ಆಸ್ಪತ್ರಿ ಕಡಿಂದ ಹೋಗಬ್ಯಾಡ, ಉಣ್ಣಾಕ ಹೋದಾಕಿ ಕೇಳಿದಂಗ ಕೇಳು."

ಕಳ್ಳರು ಬಂದಿದ್ದರೆ ನನಗೆ ನೂರೆಂಟು ಅಸ್ತ್ರಗಳಿದ್ದವು. ಬಂದವರು ನೆಂಟರಾದ್ದರಿಂದ ನಾನು ಉಣ್ಣುವ ನೆಪ ಮಾಡಿಕೊಂಡು ಹೋಗಬೇಕಾಯಿತು.

ಮರುದಿನ ಬಸಲಿಂಗವ್ವನನ್ನು ಮೆಲ್ಲಗೆ ಕೇಳಿದೆ: ಫೋನಿನಲ್ಲಿ ಶೇಂಗಾದ ಕೆಲಸವನ್ನು ಹಾಕಿಕೊಟ್ಟವರು ಯಾರು? "ಮತ್ಯಾರು, ನಮ್ಮ ಈರಣ್ಣ" ಎಂದಳು. ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆ ಎಂದು ಕೇಳಿದ್ದೆನೋ ಎಂಬಂತಿತ್ತು ಅವಳ ದನಿ.

ಈರಣ್ಣನ ಮೊಬೈಲ್ ಅಂಗಡಿ ಖಾನಾವಳಿಯ ಎದುರಿಗೇ ಇದೆ. ಆತ ಕೆಟ್ಟವನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಓಣಿಯಲ್ಲಿ ಯಾರ ಫೋನು ಕೆಟ್ಟರೂ, ಯಾರ ಗ್ಯಾಸ್ ಬುಕ್ ಆಗದಿದ್ದರೂ, ಯಾರ ಮಗಳ ಪರೀಕ್ಷೆಯ ಫಲಿತಾಂಶ ತೆರೆಯದಿದ್ದರೂ ಮಾಡಿಕೊಡುವವನು ಅವನೇ. ಓಣಿಯ ಎಲ್ಲರ ಎಲ್ಲ ಗುಟ್ಟಿನ ನಂಬರುಗಳೂ ಅವನ ತಲೆಯಲ್ಲಿವೆ.

"ಬಸಲಿಂಗವ್ವಾರ ಶೇಂಗಾದ ನಂಬರ್ ನೀನ ಇಟ್ಟೀಯೇನು?"

"ಹೌದ್ರಿ ಅಕ್ಕಾರ. ಎಲ್ಲಾರದೂ ನಾನ ಇಟ್ಟೀನಿ."

"ಯಾವ ನಂಬರ್?"

ಅವನು ಹೊರಗೆ ಬಂದು ಮೇಲಕ್ಕೆ ಕೈ ತೋರಿಸಿದ. ಅಂಗಡಿಯ ಬೋರ್ಡಿನಲ್ಲಿ, ಕೆಂಪು ಬಣ್ಣದಲ್ಲಿ, ಒಂದೊಂದು ಗೇಣಿನ ಅಂಕಿಗಳಲ್ಲಿ ಅವನ ಅಂಗಡಿಯ ಫೋನ್ ನಂಬರು ಇತ್ತು. "ಇದರ ಕಡೀ ಆರು ಅಂಕಿ ರೀ. ಮರತ್ರ ಬೋರ್ಡ್ ನೋಡ್ಕೋರಿ ಅಂತ ಹೇಳೇನಿ. ಇಲ್ಲಿತನಕ ಒಬ್ಬರೂ ಮರತಿಲ್ರಿ."

ನಾನು ಬೋರ್ಡನ್ನೇ ನೋಡುತ್ತ ನಿಂತೆ. ಬೆಂಗಳೂರಿನ ತಜ್ಞರು ಒಡೆಯಲಾಗದ ಕೋಟೆಯ ಕೀಲಿ ರಸ್ತೆಯ ಮೇಲೆ, ರಾತ್ರಿ ಕಾಣಲೆಂದು ದೀಪ ಬೇರೆ ಹಾಕಿಸಿಕೊಂಡು ನಿಂತಿತ್ತು.

"ಈರಣ್ಣ, ಒಬ್ಬೊಬ್ಬರಿಗೆ ಒಂದೊಂದು ನಂಬರ್ ಇಡಬೇಕಪಾ!"

"ಹಂಗ ಇಟ್ರ ನನಗ ನೆನಪ ಹ್ಯಾಂಗ ಉಳೀತದ್ರಿ?"

"ನಿನಗ್ಯಾಕ ನೆನಪ ಇರಬೇಕು?"

"ಮತ್ಯಾರಿಗಿರಬೇಕ್ರಿ?" ಎಂದ, ನಿಜಕ್ಕೂ ಅರ್ಥವಾಗದೆ.

ಕೂರಿಸಿ ಚಹಾ ತರಿಸಿದ. ಕೇಳುತ್ತ ಹೋದಂತೆ ಚಹಾ ಆರಿಹೋಯಿತು. ಶೇಂಗಾ ಹಾಕಿಸಿಕೊಂಡ ಎಲ್ಲರ ಮನೆಯಲ್ಲೂ ಎಲ್ಲರ ಫೋನಿನಲ್ಲೂ ಅದೇ ನಂಬರಿನಿಂದ ಆ ಗುಂಡಿ ತೆರೆಯುತ್ತಿತ್ತು. ಒಬ್ಬ ಸೊಸೆ ಕ್ರಿಕೆಟ್ ಮ್ಯಾಚು ಇದ್ದ ದಿನ ಮಾವನ ಮಿತಿ ಇಳಿಸಿಡುತ್ತಿದ್ದಳಂತೆ, ಮುದುಕ ಎದ್ದು ಕುಣಿಯಬಾರದೆಂದು. ಒಬ್ಬಳು ಹೆಂಡತಿ ಬೆಳಗ್ಗೆ ಗಂಡನದನ್ನು ಏರಿಸುತ್ತಿದ್ದಳು, ಚುರುಕಾಗಿ ಹಾಲು ತರಲೆಂದು. ಮಕ್ಕಳು ಬೇಡ ಅಂದರೂ ಸ್ಕೂಟರ್ ಓಡಿಸುವ ನಿವೃತ್ತ ಗುಮಾಸ್ತರೊಬ್ಬರದನ್ನು ಮಕ್ಕಳು ಸೇರಿ ಕೆಳಗೆ ಎಳೆದಿದ್ದರು. ಮನೆಯ ಫ್ಯಾನಿನ ರೆಗ್ಯುಲೇಟರ್ ತಿರುವಿದ ಹಾಗೆ ಜನ ಹೃದಯ ತಿರುವುತ್ತಿದ್ದರು.

"ನೂರು ದಾಟಿದ್ರ ಫೋನಿನ್ಯಾಗ ಕೆಂಪ ಬರತೈತಿ ನೋಡ್ರಿ," ಎಂದ ಈರಣ್ಣ, "ಮಂದಿ ಗಾಬರಿ ಆಗಿ ಓಡಿ ಬರ್ತಾರ. ಈರಣ್ಣ, ಕೆಂಪ ತಗದ ಕೊಡು ಅಂತಾರ. ಒಂದೀಟು ಎಡಕ್ಕ ಎಳದ್ರ ಕೆಂಪ ಹೋಗಿಬಿಡತೈತಿ. ಅದಕ್ಕ ನಾನು ರೊಕ್ಕಾ ಸೈತ ತಗೊಳ್ಳೂದಿಲ್ರಿ. ಪುಣ್ಯೇದ ಕೆಲಸ."

ಆ ಗಾಜಿನ ಕಪಾಟಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಯಾರ ಮೇಲೆ ಸಿಟ್ಟು ಮಾಡಲಿ? ಕೇಡು ಬಗೆದವರು ಒಬ್ಬರಾದರೂ ಇದ್ದಿದ್ದರೆ ಹಿಡಿದು ಕೊಡಬಹುದಿತ್ತು.

ಕಂಪನಿಗೆ ಬರೆದೆ. ಅವರು ಕೂಡಲೇ ಕ್ರಮ ಕೈಗೊಂಡರು. ಕ್ರಮವೆಂದರೆ, ಶೇಂಗಾ ಇರುವ ಎಲ್ಲರಿಗೂ ಒಂದು ಸಂದೇಶ: 'ನಿಮ್ಮ ಗೌಪ್ಯ ಸಂಖ್ಯೆಯನ್ನು ಅನ್ಯರೊಂದಿಗೆ ಹಂಚಿಕೊಳ್ಳತಕ್ಕದ್ದಲ್ಲ.' ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆ ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಈರಣ್ಣನ ಅಂಗಡಿಯ ಮುಂದೆ ಗುಂಪು ಸೇರಿತ್ತು. ಎಲ್ಲರೂ ಫೋನು ಹಿಡಿದುಕೊಂಡು, ಇದೇನು ಬಂದಿದೆ ಓದಿ ಹೇಳು ಎಂದು ಬಂದಿದ್ದರು. ಅವನು ಕುರ್ಚಿ ಹತ್ತಿ ನಿಂತು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ.

ಖಾನಾವಳಿಯಲ್ಲಿ ಇನ್ನೊಂದು ಸುದ್ದಿ ಕಾದಿತ್ತು. ದೀಪಾವಳಿಯವರೆಗೆ ಯಾಕೆ, ಈ ಅಮಾವಾಸ್ಯೆಗೇ ಮುಗಿಸಿಬಿಡೋಣ ಎಂದು ಮನೆಯವರು ಹೇಳುತ್ತಿದ್ದರಂತೆ. ನಾಳೆ ನವಲಗುಂದದಿಂದ ತಮ್ಮ ಬರುತ್ತಾನೆ, ಮಾತು ಮುಗಿಸುತ್ತಾನೆ ಎಂದಳು ಬಸಲಿಂಗವ್ವ. ಆ ದಿನ ಯಂತ್ರದ ರೊಟ್ಟಿ ಬಡಿಸಲು ಎದ್ದು ನಿಂತದ್ದಕ್ಕೇ ಗೋಡೆ ಹಿಡಿದಳು.

ಡಾಕ್ಟರ್ ಹಂಚಿನಮನಿ ಮಿತಿಯನ್ನು ಮತ್ತೆ ನೂರಾ ಮೂವತ್ತಕ್ಕೆ ಏರಿಸಬೇಕೆಂದು ಬರೆದುಕೊಟ್ಟರು. "ಆದ್ರ ಆಕಿ ಹೆಬ್ಬೆಟ್ಟು ಒತ್ತಿ ಒಪ್ಪಬೇಕು. ಹೊಸ ನಂಬರೂ ಆಕಿನ ಹಾಕಬೇಕು," ಎಂದರು. "ಇಲ್ಲಂದ್ರ ನಾವು ಏರಿಸಿದ್ದನ್ನ ಅವರು ಮತ್ತ ಇಳಿಸ್ತಾರ."

ಮರುದಿನ ಉಣ್ಣುವವರೆಲ್ಲ ಎದ್ದು ಹೋದ ಮೇಲೆ ಟ್ಯಾಬ್ಲೆಟ್ ಹಿಡಿದುಕೊಂಡು ಹೋದೆ. ಖಾನಾವಳಿಯಲ್ಲಿ ಮನೆಯವರೆಲ್ಲ ಸೇರಿದ್ದರು. ಗಲ್ಲಾದ ಮೇಲೆ ಮಗ ಮಲ್ಲೇಶಿ, ಬಾಗಿಲ ಬಳಿ ಸೊಸೆ ಸುಜಾತಾ, ಬೆಂಚಿನ ಮೇಲೆ ಕಾಲು ಮಡಿಚಿ ಕೂತ ತಮ್ಮ ಶಿವಪುತ್ರಪ್ಪ. ಅವರು ನಿವೃತ್ತ ಮಾಸ್ತರರು, ಪಂಚೆಯ ಇಸ್ತ್ರಿ ಕೂತರೂ ಮುರಿಯದ ಮನುಷ್ಯ. ಬಸಲಿಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ರೊಟ್ಟಿ ಬಡಿಯುವ ಮಣೆಯನ್ನು ತೊಳೆದು ಗೋಡೆಗೆ ನಿಲ್ಲಿಸಿದ್ದರು.

"ಅವ್ವಾರ ಶೇಂಗಾದ ಮಿತಿ ಯಾರು ಇಳಿಸಿದ್ರಿ?" ಎಂದು ಕೇಳಿದೆ. ಸುತ್ತಿ ಬಳಸಿ ಕೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಅಪರಾಧಿಗಳು ಮುಚ್ಚಿಡುತ್ತಾರೆ ಎಂದು ನಾನು ಓದಿದ್ದೆ. ಇವರು ಸ್ಪರ್ಧೆಯ ಮೇಲೆ ಒಪ್ಪಿಕೊಂಡರು.

"ನಾನ ರೀ ಅಕ್ಕಾರ," ಎಂದ ಮಲ್ಲೇಶಿ. "ಉಗಾದಿ ಗದ್ದಲದಾಗ ನೂರಾ ಹದಿನೆಂಟಕ್ಕ ಹೋಗಿತ್ರಿ! ಫೋನ್ ಕೆಂಪನ್ನ ಕೆಂಪ! ಮೊದಲ ನೂರಾ ಹತ್ತಕ್ಕ ತಂದೆ."

"ನಾ ಬರೇ ನೂರಕ್ಕ ಇಳಸೇನ್ರಿ," ಎಂದಳು ಸುಜಾತಾ. "ಅತ್ತಿ ಹಂಚಿನ ಮುಂದ ಬೆವರ ಒರಸ್ಕೊಂತ ಕುಂತಿದ್ರು, ಕರುಳ ಚುರುಕ್ಕಂತು."

ಶಿವಪುತ್ರಪ್ಪ ಗಂಟಲು ಸರಿಮಾಡಿಕೊಂಡರು. "ತೊಂಬತ್ತು ಮಾಡಿದಾವ ನಾನು. ನನ್ನ ಬಡತ ಎಪ್ಪತ್ತೆರಡು ಇರತೈತಿ, ದಿನಾ ನೋಡ್ತೀನಿ. ನನಗ ಸಾಲೂದು ಅಕ್ಕಗ ಯಾಕ ಸಾಲಬಾರದು?"

"ಸರ, ನೀವು ನವಲಗುಂದದಾಗ ಪೇಪರ್ ಓದ್ಕೋತ ಕುಂತಾಗ ಎಪ್ಪತ್ತೆರಡ್ರಿ! ಅವರು ಇಲ್ಲಿ ರೊಟ್ಟಿ ಬಡೀತಾರ!"

"ತೊಂಬತ್ತಕ್ಕೂ ಅಕ್ಕ ಏದುಸಿರು ಬಿಡಾಕತ್ತಿದ್ಲು. ಅಂದ್ರ ಎದಿ ಸೋತೈತಿ ಅಂತನ ಅರ್ಥ. ಸೋತ ಎತ್ತಿಗೆ ಹೇರು ಕಡಿಮಿ ಮಾಡಬೇಕಲ್ಲ. ಅದಕ್ಕ ಇನ್ನೊಂದೀಟು ಇನ್ನೊಂದೀಟು ಇಳಸಿ ಎಪ್ಪತ್ತೈದಕ್ಕ ತಂದ್ವಿ."

"ಹೇರು ಕಡಿಮಿ ಮಾಡಿಲ್ರಿ ನೀವು!" ನನ್ನ ದನಿ ಏರಿತು. "ಎತ್ತಿನ ಮೇವು ಕಡಿಮಿ ಮಾಡೀರಿ. ರೊಟ್ಟಿ ಬಡಿಯೂ ಕೈಗೆ ರಕ್ತ ಬೇಕು. ಅದಕ್ಕ ಎದಿ ಜೋರು ಬಡಿಯಾಕ ನೋಡ್ತೈತಿ. ನೀವು ಬ್ಯಾಡ ಅಂತ ಹಿಡದ್ರಿ, ಅವರಿಗೆ ಉಸರ ಹತ್ತಿತು. ಉಸರ ಹತ್ತಿತು ಅಂತ ಮತ್ತ ಇಳಸಿದ್ರಿ, ಕಣ್ಣಿಗೆ ಕತ್ತಲಿ ಬಂತು. ಕತ್ತಲಿ ಬಂತು ಅಂತ ಮತ್ತ ಇಳಸಿದ್ರಿ. ಕೆಂಪ ಬರವಲ್ದು ಅಂತ ಎಲ್ಲಾರೂ ಖುಷಿಯಾಗಿ ಕುಂತೀರಿ!"

ಬಸಲಿಂಗವ್ವ ನನ್ನನ್ನೇ ನೋಡುತ್ತಿದ್ದಳು.

"ನನ್ನ ಎದಿ ಕೆಟ್ಟಿಲ್ಲೇನು ತಂಗಿ?"

"ಇಲ್ರಿ ಅವ್ವಾ. ಶೇಂಗಾನೂ ಚಲೋ ಐತಿ, ಎದೀನೂ ಚಲೋ ಐತಿ. ಮ್ಯಾಲ ಏರಲಾರದಂಗ ಕಟ್ಟಿ ಹಾಕ್ಯಾರ."

ಆಕೆ ಎದ್ದು ನಿಂತಳು. "ಏನ್ರೋ!" ಎಂದಳು. ಬಾಯಿ ತೆರೆದಳು. ನಾನು ಆ ಬಾಯಿಯನ್ನು ಬಲ್ಲೆ. ತರಕಾರಿ ಮಾರ್ಕೆಟ್ಟಿನ ದಲ್ಲಾಳಿಗಳೆಲ್ಲ ಅದಕ್ಕೆ ಹೆದರುತ್ತಾರೆ. ಆದರೆ ಈ ಸಲ ಎರಡನೆಯ ಮಾತು ಬರಲಿಲ್ಲ. ಸಿಟ್ಟಿಗೂ ರಕ್ತ ಬೇಕು. ಮಿತಿ ಎಪ್ಪತ್ತೈದರಲ್ಲಿತ್ತು. ಮುಖ ಬೂದಿಯಾಯಿತು, ತುಟಿ ಬೆಳ್ಳಗಾಯಿತು, ಕಂಬ ಹಿಡಿದು ಹಾಗೇ ಕೆಳಗೆ ಜಾರಿದಳು. ಸುಜಾತಾ ಓಡಿಬಂದು ಹಿಡಿದಳು. ಆಕೆ ಆ ಕೈಯನ್ನು ಕೊಡವಿದಳು.

"ಸಿಟ್ಟು... ಮಾಡಬೇಕಂದ್ರ ಸೈತ..." ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದಳು, "ನಿಮ್ಮನ್ನ ಕೇಳಿ... ಮಾಡಬೇಕೇನ್ರೋ ನಾನು?"

ಮಲ್ಲೇಶಿ ಗಲ್ಲಾ ಬಿಟ್ಟು ಬಂದು ತಾಯಿಯ ಮುಂದೆ ಕೂತ. ನಲವತ್ತು ದಾಟಿದ ಗಂಡಸು ಅಳುತ್ತಿದ್ದ. "ಯವ್ವಾ, ಅಪ್ಪ ಇದ ಗಲ್ಲಾದ ಮ್ಯಾಲ ಕುಂತಲ್ಲೇ ಹೋದ. ನಾನು ಪಲ್ಯಾ ಬಡಸಾಕತ್ತಿದ್ದೆ, ಹತ್ತ ಹೆಜ್ಜಿ ದೂರ. ನೋಡಲಿಲ್ಲ ನಾನು. ನಿನ್ನ ಸೈತ ಹಂಗ ಕಳಕೋಬಾರದಂತ..."

ಬಸಲಿಂಗವ್ವ ಮಗನ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ, ಬೈಯಲು ಉಸಿರಿಲ್ಲದ್ದರಿಂದಲೋ ಏನೋ, ಮೆತ್ತಗೆ ಹೇಳಿದಳು.

"ನಿಮ್ಮಪ್ಪ ಹೋಗೂದು ನೀ ನೋಡಲಿಲ್ಲಂತ... ನಾನು ದಿನಾ ಒಂದೀಟೊಂದೀಟು... ನಿನ್ನ ಕಣ್ಣ ಮುಂದ ಹೋಗಬೇಕೇನೋ?"

ಶಿವಪುತ್ರಪ್ಪನವರು ಬೆಂಚಿನಿಂದ ಕಾಲು ಕೆಳಗಿಳಿಸಿದರು.

ಟ್ಯಾಬ್ಲೆಟ್ ಮುಂದಿಟ್ಟೆ. ಆಕೆ ಹೆಬ್ಬೆರಳು ಒತ್ತಿದಳು. ಮಿತಿ ನೂರಾ ಮೂವತ್ತಕ್ಕೆ ಹೋಯಿತು. ಮೊದಲು ಏನೂ ಆಗಲಿಲ್ಲ. ಬರಬರುತ್ತ ತುಟಿಗೆ ಬಣ್ಣ ಬಂತು. ಉದ್ದನೆಯದೊಂದು ಉಸಿರು ಎಳೆದುಕೊಂಡು, ಅದು ಪೂರ್ತಿ ಒಳಗೆ ಹೋದದ್ದಕ್ಕೆ ಆಕೆಗೇ ಆಶ್ಚರ್ಯವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ಹೊಸ ನಂಬರ್ ಹಾಕ್ರಿ ಅವ್ವಾ," ಎಂದು ಆಕೆಯ ಫೋನಿನಲ್ಲಿ ಆ ಪುಟ ತೆರೆದು ಕೈಗೆ ಕೊಟ್ಟೆ. "ಆರು ಅಂಕಿ. ನಿಮಗ ಒಬ್ಬರಿಗೇ ಗೊತ್ತಿರಬೇಕು."

ನಾನು ಮಾತು ಮುಗಿಸುವ ಮೊದಲೇ ಗದ್ದಲ ಶುರುವಾಯಿತು. ಅಳು ಒರೆಸಿಕೊಳ್ಳುತ್ತ ಮಲ್ಲೇಶಿ ತನ್ನ ಗಾಡಿ ನಂಬರು ಇಡು ಎಂದ. ಸುಜಾತಾ ಮೊಮ್ಮಗಳ ಹುಟ್ಟಿದ ತಾರೀಖು ಎಂದಳು. ಶಿವಪುತ್ರಪ್ಪನವರು ಮಾತ್ರ, ನಂಬರು ಯಾವುದಾದರೂ ಇರಲಿ, ತಮಗೊಂದು ಮಾತು ತಿಳಿಸಿಟ್ಟರೆ ಒಳ್ಳೆಯದು ಎಂದರು, ಹಿರಿಯರಾಗಿ. ಇಷ್ಟು ಹೊತ್ತು ನಾನು ಕೋಣನ ಮುಂದೆ ಕಿನ್ನರಿ ಬಾರಿಸಿದ್ದೆ. "ಎಲ್ಲಾರೂ ಗ್ವಾಡಿ ಕಡೆ ಮುಖಾ ಮಾಡ್ರಿ!" ಎಂದು ಕಿರುಚಿದೆ. ಮಾಡಿದರು. ಸುಜಾತಾ ನಿಂತ ಗೋಡೆಗೆ ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿ ಇತ್ತು.

ಬಸಲಿಂಗವ್ವ ಫೋನನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಆಕೆಯ ಕಪಾಟಿನ ಕೀಲಿ ಸೊಸೆಯ ಸೊಂಟದಲ್ಲಿ ಇರುತ್ತದೆ, ಬ್ಯಾಂಕಿನ ಪುಸ್ತಕ ಮಗನ ಕಿಸೆಯಲ್ಲಿ. ತನಗೊಬ್ಬಳಿಗೇ ಗೊತ್ತಿರುವ ಒಂದು ಸಂಗತಿ ಈ ಜನ್ಮದಲ್ಲಿ ಆಕೆಯ ಬಳಿ ಇತ್ತೋ ಇಲ್ಲವೋ. ಕೊನೆಗೆ ಎದ್ದಳು. ಗೋಡೆಗೆ ನಿಲ್ಲಿಸಿದ್ದ ಮಣೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಅಡಿಗೆಮನೆಯ ಕಡೆ ನಡೆದಳು. ನಾನೂ ಹಿಂದೆ ಹೋದೆ.

"ನೀ ಎಲ್ಲಿ ಬರ್ತಿ?" ಎಂದಳು.

"ನಾನು ತೋರಸ್ತೀನ್ರಿ ಅವ್ವಾ. ಎಲ್ಲಿ ಒತ್ತಬೇಕಂತ..."

"ಒತ್ತೂದು ಕಾಣಸ್ತೈತಿ. ನೀನೂ ಹೊರಗ ನಡಿ."

"ಮರತ್ರ? ನನಗೊಬ್ಬಾಕಿಗೆ ಗೊತ್ತಿದ್ರ..."

ಮಾತು ನನ್ನ ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಬಸಲಿಂಗವ್ವ ಕೆಟ್ಟದಾಗಿಯೇನೂ ನೋಡಲಿಲ್ಲ. "ಮರತ್ರ ಆಸ್ಪತ್ರಿಗೆ ಬರ್ತೀನಿ. ನಿಮ್ಮ ಡಾಕ್ಟರ್ ತಗದು ಹೊಸಾದು ಮಾಡಿಕೊಡಲಿ," ಎಂದು ಬಾಗಿಲು ಹಾಕಿಕೊಂಡಳು. ಆ ಅಡಿಗೆಮನೆಯ ಬಾಗಿಲು ಹಾಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಮಲ್ಲೇಶಿಯೂ ಹಾಗೇ ಅಂದ.

ನಾವು ನಾಲ್ವರೂ ಬೆಂಚಿನ ಮೇಲೆ ಸಾಲಾಗಿ ಕೂತೆವು. ಒಳಗೆ ಒಲೆ ಹೊತ್ತಿದ ಸದ್ದು, ನೀರಿನ ಸದ್ದು. ಆಮೇಲೆ ರೊಟ್ಟಿ ಬಡಿಯುವ ಸದ್ದು. ಒಂದು ಮುಗಿಯಿತು, ಎರಡು ಮುಗಿಯಿತು. ಮೂರನೆಯದು ಮುಗಿದಾಗ ಸುಜಾತಾ ನನ್ನ ಮೊಣಕೈ ಹಿಡಿದಳು. ನಾಲ್ಕನೆಯದು ಶುರುವಾಯಿತು.

"ಅಕ್ಕಾರ, ಎಷ್ಟೈತ್ರಿ ಈಗ?" ಮಲ್ಲೇಶಿ ಪಿಸುಗುಟ್ಟಿದ. ಮೂರೂ ತಲೆಗಳು ನನ್ನ ಟ್ಯಾಬ್ಲೆಟ್ ಮೇಲೆ ಬಾಗಿದವು. ಅವರನ್ನು ಬೈಯಬೇಕೆಂದು ಬಾಯಿ ತೆರೆದವಳು ಕೆಳಗೆ ನೋಡಿದೆ. ನನ್ನ ಹೆಬ್ಬೆರಳು ಆಗಲೇ ಆಕೆಯ ಹೆಸರಿನ ಮೇಲಿತ್ತು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಆ ಟ್ಯಾಬ್ಲೆಟನ್ನು ಆರಿಸಿ, ಬೆಂಚಿನ ಮೇಲೆ ಬೋರಲು ಹಾಕಿ ಅದರ ಮೇಲೆಯೇ ಕೂತುಬಿಟ್ಟೆ.

"ಗೊತ್ತಿಲ್ಲ," ಎಂದೆ.

ಆಗ ಬಾಗಿಲಿನ ಆಚೆಯಿಂದ ಬಸಲಿಂಗವ್ವನ ದನಿ ಬಂತು. "ಹೊರಗ ಕುಂತು ಏನ್ ಎಣಸಾಕತ್ತೀರಿ, ಹೆಣಾ ಕಾಯೋರಂಗ? ಬಿಸಿ ರೊಟ್ಟಿ ಆರಾಕತ್ತಾವ, ಯಾರರ ತಾಟ ಹಚ್ಚೋರದೀರೋ ಇಲ್ಲೋ? ಉಳ್ಳಾಗಡ್ಡಿ ಹೆಚ್ಚೋರ್ಯಾರು, ಮಜ್ಜಿಗಿ ಹಾಕೋರ್ಯಾರು, ಅದಕ್ಕೂ ಫೋನ್ಯಾಗ ಗುಂಡಿ ಐತೇನು? ಶಿವಪುತ್ರಾ, ನೀನೂ ಏಳು, ಸಾಕು ಮಾಸ್ತರಿಕಿ!"

ಅಷ್ಟೂ ಬೈಗುಳ ಒಂದೇ ಉಸಿರಿನಲ್ಲಿ ಬಂತು. ಎಲ್ಲೂ ತುಂಡಾಗಲಿಲ್ಲ. ನಾವು ನಾಲ್ವರೂ ಎದ್ದು ತಾಟು ಹಚ್ಚಿದೆವು.